ಥಂಡಿ ಸೀಮೆಯಲ್ಲಿ ಕ್ಯಾರಮೆಲ್ ಸೇಬು

ಜುಲೈ ತಿಂಗಳಲ್ಲಿ ಕ್ಯಾರಮೆಲ್ ಸೇಬಿಗೆಂದು ಸಾಮಾನು ಕೊಳ್ಳಲು ಹೊರಟವರನ್ನು ಕಂಡರೆ ನನಗೆ ಕನಿಕರ. ಮಳೆಗಾಲದ ಮಲೆನಾಡಿನಲ್ಲಿ ಸುಟ್ಟ ಹಪ್ಪಳ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ, ಉಪ್ಪಿನ ಭರಣಿಯಲ್ಲಿ ನೀರೂರುತ್ತದೆ, ಬೀರುವಿನೊಳಗಿನ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಅಂಥ ಹವೆಯಲ್ಲಿ ಸಕ್ಕರೆಯನ್ನು ಗಾಜು ಮಾಡಿ ಹಣ್ಣಿನ ಮೇಲೆ ನಿಲ್ಲಿಸುತ್ತೇನೆ ಎನ್ನುವುದು ಹಟದ ಮಾತಾಯಿತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಗೆ ಅದರಲ್ಲಿ ಸಣ್ಣದೊಂದು ಪಾಲು ಮಾತ್ರ ಸಿಕ್ಕರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ಥಂಡಿಗೆ, ಅಂದರೆ ತೇವಕ್ಕೆ, ಏನೂ ಬರವಿಲ್ಲ. ಸಕ್ಕರೆ ಮಿಠಾಯಿಗೆ ನಮ್ಮಲ್ಲಿ ಕಾಲವೆಂದರೆ ದೀಪಾವಳಿ ಕಳೆದಂದಿನಿಂದ ಶಿವರಾತ್ರಿಯವರೆಗೆ. ಉಳಿದ ಸಾಮಾನಿನ ಮಾತೆಲ್ಲ ಆಮೇಲಿನದು.

ಈ ತಿನಿಸು ಹುಟ್ಟಿದ ಊರಿನಲ್ಲಿ ಈ ತಾಪತ್ರಯ ಇಷ್ಟಿಲ್ಲ. ಸೇಬಿಗೆ ಕೋಲು ಚುಚ್ಚಿ, ಆರಿದರೆ ಗಟ್ಟಿ ಕ್ಯಾಂಡಿಯಾಗುವ ಕೆಂಪು ಬಣ್ಣದ ಸಕ್ಕರೆ ಪಾಕದಲ್ಲಿ ಅದ್ದುವ ರೂಢಿಯನ್ನು 1908ರಲ್ಲಿ ಅಮೆರಿಕದ ನೆವಾರ್ಕ್ ನಗರದ ವಿಲಿಯಂ ಕೋಲ್ಬ್ ಎಂಬ ಮಿಠಾಯಿಗಾರ ಶುರು ಮಾಡಿದನೆಂದು ಹೇಳುತ್ತಾರೆ. ಹಾಲು, ಬೆಣ್ಣೆ ಸೇರಿದ ಮೆತ್ತನೆಯ ಕ್ಯಾರಮೆಲ್ ಹೊದಿಕೆ ಜನಪ್ರಿಯವಾದದ್ದು 1950ರ ದಶಕದ ಮೇಲೆ. ಅಲ್ಲಿ ಇದನ್ನು ಮಾಡುವುದು ಅಕ್ಟೋಬರಿನಲ್ಲಿ, ತೋಟದಿಂದ ಸೇಬು ಆಗಷ್ಟೇ ಇಳಿದಿರುವಾಗ, ಚಳಿ ಕಾಲಿಡುತ್ತಿರುವ ಹೊತ್ತಿನಲ್ಲಿ. ಅವರ ಸಾಮಾನಿನ ಪಟ್ಟಿಯನ್ನು ಹಾಗೆಯೇ ಎತ್ತಿಕೊಂಡು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದರೆ ಅರ್ಧ ಸಿಗುವುದಿಲ್ಲ, ಸಿಕ್ಕ ಅರ್ಧ ನಮ್ಮ ಹವೆಗೆ ಹೊಂದುವುದಿಲ್ಲ. ಹಾಗಾಗಿ ನಾನು ಪಟ್ಟಿಯನ್ನು ಬದಿಗಿಟ್ಟು, ಕೈಗೆ ತೆಗೆದುಕೊಂಡ ಪ್ರತಿಯೊಂದು ವಸ್ತುವಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದರ ನೀರು ಎಲ್ಲಿದೆ, ಅದು ಎಲ್ಲಿಗೆ ಹೋಗುತ್ತದೆ? ಸಕ್ಕರೆಯಿಂದ ಹಿಡಿದು ಸುತ್ತುವ ಕಾಗದದವರೆಗೆ ಈ ಒಂದು ಪ್ರಶ್ನೆ ಸಾಕಾಗುತ್ತದೆ.

ನಮ್ಮ ದೊಡ್ಡಮ್ಮ ತೀರ್ಥಹಳ್ಳಿ ಕಡೆಯವರು. ನಾನು ಜೋಡಿಸಿಟ್ಟ ಸಾಮಾನನ್ನೆಲ್ಲ ನೋಡಿ, “ಒಂದು ಹಣ್ಣನ್ನು ಬೆಲ್ಲದಲ್ಲಿ ಅದ್ದುವುದಕ್ಕೆ ಇಷ್ಟೆಲ್ಲ ಬೇಕೇನೆ? ಆಲೆಮನೆಯಲ್ಲಿ ಕೊಪ್ಪರಿಗೆಗೆ ಪಪ್ಪಾಯಿಕಾಯಿ ಇಳಿಬಿಟ್ಟು ತಿನ್ನುತ್ತಿದ್ದೆವಲ್ಲ” ಎಂದಿದ್ದರು. ಅವರ ಮಾತಿನಲ್ಲಿ ನ್ಯಾಯವಿದೆ. ಪಾಕದಲ್ಲಿ ಹಣ್ಣು, ಕಾಯಿ ಅದ್ದುವುದು ನಮಗೆ ಹೊಸತಲ್ಲ. ಹೊಸತೇನಿದ್ದರೂ ಅದನ್ನು ಹಸಿ ಹಣ್ಣಿನ ಹೊರಮೈ ಮೇಲೆ ತೆಳುವಾಗಿ ನಿಲ್ಲಿಸುವುದು, ನಿಂತದ್ದನ್ನು ಸಂಜೆಯವರೆಗಾದರೂ ಉಳಿಸಿಕೊಳ್ಳುವುದು.

ಸಕ್ಕರೆಯ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೂಟೆಯ ಮೇಲೆ ಎಂ-30 ಎಂದಿದ್ದರೆ ದಪ್ಪ ಕಾಳು, ಎಸ್-30 ಎಂದಿದ್ದರೆ ಸಣ್ಣ ಕಾಳು. ಸಣ್ಣದು ಬೇಗ ಕರಗುತ್ತದೆ, ಅಷ್ಟೇ ವ್ಯತ್ಯಾಸ. ಕೊಳೆ ಕಾಣುವ ಸಕ್ಕರೆ ಬೇಡ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಮಾಡುವಂತೆ ಹಾಲು ಹಾಕಿ ಕೊಳೆ ತೆಗೆಯುವ ಪುರುಸೊತ್ತು ಇಲ್ಲಿ ಇರುವುದಿಲ್ಲ. ಅಂದ ಹಾಗೆ ಸಕ್ಕರೆ ಅಚ್ಚಿನ ಮನೆಯಲ್ಲಿ ಬೆಳೆದವರಿಗೆ ಕ್ಯಾರಮೆಲ್ ಸ್ವಲ್ಪ ತಿರುಗುಮುರುಗು ಅನ್ನಿಸುತ್ತದೆ. ಅಚ್ಚಿನಲ್ಲಿ ಪಾಕ ಹರಳುಗಟ್ಟಲೇಬೇಕು, ಅದಕ್ಕಾಗಿಯೇ ಬಿಳಿಚುವವರೆಗೆ ಸೌಟಿನಲ್ಲಿ ತಿಕ್ಕುತ್ತೇವೆ. ಕ್ಯಾರಮೆಲ್‌ನಲ್ಲಿ ಒಂದೇ ಒಂದು ಹರಳು ಹುಟ್ಟಿದರೂ ಪಾತ್ರೆ ಪೂರ್ತಿ ಮರಳಾಗಬಹುದು. ಪಾತ್ರೆಯ ಗೋಡೆಗೆ ಅಂಟಿದ ಸಕ್ಕರೆ ಕಾಳು ಕೆಳಗೆ ಬಿದ್ದರೆ ಸಾಕು, ಉಳಿದ ಸಕ್ಕರೆ ಅದರ ಸುತ್ತ ನೆರೆಯುತ್ತದೆ. ಅಂಚನ್ನು ಒದ್ದೆ ಬ್ರಷ್ಷಿನಿಂದ ಸವರಿ ಕೆಳಗಿಳಿಸುವುದು ಅದಕ್ಕಾಗಿ.

ಹರಳನ್ನು ತಡೆಯುವ ವಸ್ತುವೇ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಪಾಕವಿಧಾನಗಳಲ್ಲಿ ಕಾರ್ನ್ ಸಿರಪ್ ಎಂದಿರುತ್ತದೆ. ನಮ್ಮಲ್ಲಿ ಅದರ ಜಾಗಕ್ಕೆ ಬರುವುದು ಲಿಕ್ವಿಡ್ ಗ್ಲೂಕೋಸ್. ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ, ಬಣ್ಣವಿಲ್ಲದ, ಚಮಚ ಎತ್ತಿದರೆ ಕೈ ಸೋಲುವಷ್ಟು ಮಂದವಾದ ದ್ರವ. ದಿನಸಿ ಅಂಗಡಿಯಲ್ಲಿ ಗ್ಲೂಕೋಸ್ ಎಂದು ಕೇಳಿದರೆ ಬಿಸಿಲಿಗೆ ಕಲಸಿ ಕುಡಿಯುವ ಪುಡಿಯ ಡಬ್ಬಿಯನ್ನು ಮುಂದಿಡುತ್ತಾರೆ. “ಪುಡಿ ಅಲ್ಲ, ಪಾಕದ ಹಾಗಿರುವುದು” ಎಂದರೆ, “ಯಾರಿಗೆ ಹುಷಾರಿಲ್ಲ ಮೇಡಂ?” ಎಂಬ ಅಕ್ಕರೆಯ ಪ್ರಶ್ನೆ. ಬೇಕರಿಗಳಿಗೆ ಸಾಮಾನು ಒದಗಿಸುವ ಅಂಗಡಿಗೇ ಹೋಗಬೇಕು. ಅಲ್ಲಿ ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಸಕ್ಕರೆಯ ತೂಕದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇದನ್ನು ಸೇರಿಸಿದರೆ ಹರಳಿನ ಭಯ ಬಹುಪಾಲು ಹೋಗುತ್ತದೆ.

ಅದು ಸಿಗದಿದ್ದರೆ ನಿಂಬೆರಸ. ಹುಳಿ ಬಿದ್ದ ಸಕ್ಕರೆ ಬಿಸಿಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ, ಒಡೆದದ್ದು ಸುಲಭಕ್ಕೆ ಹರಳುಗಟ್ಟುವುದಿಲ್ಲ. ಜೇನಿನಲ್ಲಿ ಈ ಒಡೆಯುವ ಕೆಲಸವನ್ನು ಜೇನುನೊಣವೇ ಮುಗಿಸಿರುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಫ್ರಕ್ಟೋಸ್ ಗಾಳಿಯ ತೇವವನ್ನು ಸಕ್ಕರೆಗಿಂತಲೂ ಜೋರಾಗಿ ಎಳೆದುಕೊಳ್ಳುತ್ತದೆ. ಬಯಲುಸೀಮೆಯವರು ನಿಂಬೆ, ಜೇನು ಎಂದು ಧಾರಾಳ ಮಾಡಬಹುದು. ನಮ್ಮಲ್ಲಿ ಹಾಗೆ ಮಾಡಿದ ಗಟ್ಟಿ ಕ್ಯಾಂಡಿ ಮಧ್ಯಾಹ್ನ ಮುಗಿಯುವಷ್ಟರಲ್ಲಿ ಬೆವರುತ್ತದೆ. ತುಡುವೆ ಜೇನಿನ ಬೆಲೆ ನೋಡಿದರೆ ಅದನ್ನು ಪಾಕಕ್ಕೆ ಸುರಿದು ಕಾಯಿಸುವುದಕ್ಕೆ ಮನಸ್ಸೂ ಬಾರದು, ಕಾದರೆ ಆ ಪರಿಮಳ ನಿಲ್ಲುವುದೂ ಇಲ್ಲ.

ಜೋನಿ ಬೆಲ್ಲದ ಮಾತೇ ಬೇರೆ. ಆಲೆಮನೆಯಿಂದ ಡಬ್ಬಿಯಲ್ಲಿ ತುಂಬಿಸಿಕೊಂಡು ಬರುವ ಈ ದ್ರವ ಬೆಲ್ಲ ವರ್ಷವಿಡೀ ದ್ರವವಾಗಿಯೇ ಇರುವುದಕ್ಕೆ ಅದರಲ್ಲಿರುವ ಒಡೆದ ಸಕ್ಕರೆಯೇ ಕಾರಣ. ಅಂದರೆ ಹರಳು ತಡೆಯುವ ವಸ್ತು ನಮ್ಮ ದೋಸೆಯ ತಟ್ಟೆಯಲ್ಲೇ ಇತ್ತು. ಮೆತ್ತನೆಯ ಕ್ಯಾರಮೆಲ್‌ಗೆ ಲಿಕ್ವಿಡ್ ಗ್ಲೂಕೋಸ್‌ನ ಬದಲು ಜೋನಿ ಬೆಲ್ಲ ಹಾಕಿದರೆ ಬರುವ ರುಚಿಯನ್ನು ಯಾವ ಎಸೆನ್ಸೂ ಕೊಡಲಾರದು. ಹೊಗೆ, ಕಬ್ಬು, ತುಸು ಉಪ್ಪಿನ ಛಾಯೆ ಎಲ್ಲವೂ ಅದರಲ್ಲಿ ಇರುತ್ತವೆ. ಒಂದೇ ಎಚ್ಚರವೆಂದರೆ ಬೆಲ್ಲದಲ್ಲಿ ಹುಳಿಯ ಅಂಶವಿದೆ. ಬಿಸಿ ಪಾಯಸದಲ್ಲಿ ಹಾಲು ಒಡೆಯುವುದನ್ನು ಕಂಡವರಿಗೆ ಇದು ಗೊತ್ತೇ ಇರುತ್ತದೆ. ಕೆನೆ ಸೇರಿಸುವ ಮೊದಲು ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹುಳಿ ಮುರಿಯುತ್ತದೆ, ಬಣ್ಣವೂ ಗಾಢವಾಗುತ್ತದೆ. ಸೋಡಾ ಬಿದ್ದ ಕೂಡಲೇ ಪಾಕ ನೊರೆಯೆದ್ದು ಮೇಲೇರುತ್ತದೆ, ಪಾತ್ರೆ ಆಳವಾಗಿರಲಿ. ಅಚ್ಚು ಬೆಲ್ಲ ಕೊಳ್ಳುವುದಾದರೆ ಹೊಳೆಯುವ ಹಳದಿಗೆ ಮರುಳಾಗಬೇಡಿ. ಆ ಬಣ್ಣ ಬರಿಸಲು ಹೈಡ್ರೋಸ್ ಎಂಬ, ಗಂಧಕ ಸೇರಿದ ರಾಸಾಯನಿಕ ಪುಡಿ ಬಳಸುವ ರೂಢಿಯಿದೆ. ಕಪ್ಪಗಿರುವ, ಒಡೆದರೆ ಒಳಗೆ ಸಣ್ಣ ಹರಳು ಕಾಣುವ ಬೆಲ್ಲ ನೋಡಲು ಚೆಂದವಿರದಿದ್ದರೂ ಬಾಣಲೆಯಲ್ಲಿ ನಂಬಿಕಸ್ಥ.

ಹಣ ಎಲ್ಲಿ ಹಾಕಬೇಕು ಎಂದು ಕೇಳಿದರೆ ನನ್ನ ಉತ್ತರ ಥರ್ಮಾಮೀಟರ್. ದೊಡ್ಡಮ್ಮನಿಗೆ ಅದು ಬೇಕಿಲ್ಲ. ಬಟ್ಟಲು ನೀರಿಗೆ ಒಂದು ಹನಿ ಪಾಕ ಬಿಟ್ಟು, ಬೆರಳಿನಲ್ಲಿ ಒಟ್ಟುಗೂಡಿಸಿ, ಉಂಡೆಯಾದರೆ ಉಂಡೆ ಪಾಕ ಎನ್ನುತ್ತಾರೆ, ತಟ್ಟೆಗೆ ಎಸೆದಾಗ ಟಣ್ ಎಂದರೆ ಚಿಕ್ಕಿಯ ಪಾಕ ಎನ್ನುತ್ತಾರೆ. ಅಂಕಿಯಲ್ಲಿ ಹೇಳಿದರೆ ಮೆತ್ತನೆಯ ಉಂಡೆ 112ರಿಂದ 116 ಡಿಗ್ರಿ ಸೆಲ್ಸಿಯಸ್, ಬಿಗಿ ಉಂಡೆ 118ರಿಂದ 120, ಟಣ್ ಎನ್ನುವ ಪಾಕ 146ರಿಂದ 154. ಈ ಅಂಕಿಗಳು ಪಾಕದಲ್ಲಿ ಉಳಿದ ನೀರಿನ ಲೆಕ್ಕ. ಮೆತ್ತನೆಯ ಉಂಡೆಯಲ್ಲಿ ಸುಮಾರು ಶೇ 15ರಷ್ಟು ನೀರು, ಬಿಗಿ ಉಂಡೆಯಲ್ಲಿ ಶೇ 13ರಷ್ಟು, ಗಟ್ಟಿ ಕ್ಯಾಂಡಿಯಲ್ಲಿ ಶೇ 1ರ ಆಸುಪಾಸು. ಎರಡು ಡಿಗ್ರಿ ಹೆಚ್ಚುಕಡಿಮೆಯಾದರೆ ಸೇಬಿನಿಂದ ಜಾರಿ ಬೀಳುವ ಕ್ಯಾರಮೆಲ್‌ಗೂ ಹಲ್ಲು ಕೀಳುವ ಕ್ಯಾರಮೆಲ್‌ಗೂ ನಡುವಿನ ಗೆರೆ ದಾಟಿಬಿಡುತ್ತದೆ.

ಆ ಎರಡು ಡಿಗ್ರಿಯ ವಿಷಯಕ್ಕೇ ಶಿವಮೊಗ್ಗದವರು ಇನ್ನೊಂದು ಲೆಕ್ಕ ಮಾಡಬೇಕು. ಎತ್ತರ 300 ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಮ್ಮ ಪೇಟೆ ಸಮುದ್ರಮಟ್ಟದಿಂದ 570 ಮೀಟರಿನ ಆಸುಪಾಸಿನಲ್ಲಿದೆ, ಹಾಗಾಗಿ ಇಲ್ಲಿ ನೀರು ಕುದಿಯುವುದು 98 ಡಿಗ್ರಿಯ ಹತ್ತಿರ. ಥರ್ಮಾಮೀಟರ್ ಕೊಂಡ ದಿನವೇ ಕುದಿಯುವ ನೀರಿನಲ್ಲಿ ಅದ್ದಿ ನೋಡಿ. 98 ತೋರಿಸಿದರೆ ಉಪಕರಣ ಸರಿಯಿದೆ, ಆದರೆ ಪಾಕವಿಧಾನದಲ್ಲಿ 118 ಎಂದಿರುವಲ್ಲಿ ನೀವು 116ಕ್ಕೇ ಉರಿ ಆರಿಸಬೇಕು. ಉಪಕರಣ 200 ಡಿಗ್ರಿಯವರೆಗೆ ಓದುವಂಥದ್ದಾಗಿರಲಿ. ದೂರದಿಂದ ಗುರಿಯಿಟ್ಟು ಅಳೆಯುವ ಬಂದೂಕಿನಾಕಾರದ್ದು ಬೇಡ, ಅದು ಮೇಲ್ಮೈಯನ್ನು ಮಾತ್ರ ನೋಡುತ್ತದೆ, ಹಬೆ ಅಡ್ಡ ಬಂದರೆ ತಪ್ಪು ಹೇಳುತ್ತದೆ. ಕಡ್ಡಿ ಇರುವ ಡಿಜಿಟಲ್ ಸಾಕು. ಅದರ ತುದಿ ತಳಕ್ಕೆ ತಾಗಕೂಡದು. ಕೆನೆ ಹಾಕಿದ ಪಾಕ 104, 105ರಲ್ಲಿ ಬಹಳ ಹೊತ್ತು ಕುಳಿತುಬಿಡುತ್ತದೆ. ಗುಳ್ಳೆ ದೊಡ್ಡದಾಗಿ, ಸಡಿಲವಾಗಿ, ಸದ್ದು ಮಾಡುತ್ತ ಒಡೆಯುತ್ತಿರುತ್ತದೆ. ಕೈ ಸೋತು ಅತ್ತ ಇತ್ತ ನೋಡುವಾಗ 110 ದಾಟಿರುತ್ತದೆ. ಅಲ್ಲಿಂದ ಗುಳ್ಳೆ ಸಣ್ಣದಾಗಿ ಒತ್ತೊತ್ತಾಗುತ್ತದೆ, ಸೌಟಿನ ಹಿಂದೆ ತಳ ಒಂದು ಕ್ಷಣ ಕಾಣಿಸಿ ಮುಚ್ಚಿಕೊಳ್ಳುತ್ತದೆ, ಅಂಕಿ ಓಡತೊಡಗುತ್ತದೆ. ಮೊಬೈಲ್ ಕೈಗೆತ್ತಿಕೊಳ್ಳಬಾರದ ಹೊತ್ತು ಅದು.

ಪಾತ್ರೆ ತಿಳಿ ಬಣ್ಣದ ದಪ್ಪ ತಳದ್ದಿರಲಿ, ಕಪ್ಪು ನಾನ್‌ಸ್ಟಿಕ್‌ನಲ್ಲಿ ಪಾಕದ ಬಣ್ಣ ತಿಳಿಯುವುದಿಲ್ಲ. ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಗೆ ಕಲಾಯಿ ಇಲ್ಲದಿದ್ದರೆ ನಿಂಬೆ, ಬೆಲ್ಲದಂಥ ಹುಳಿಯ ಸಾಮಾನು ಅದರಲ್ಲಿ ಬೇಡವೇ ಬೇಡ. ಸೌಟು ಮರದ್ದು ಒಳ್ಳೆಯದು, ಆದರೆ ಸಾರಿನ ಸೌಟೇ ಕ್ಯಾರಮೆಲ್‌ಗೆ ಬಂದರೆ ಇಂಗು ಎಲ್ಲಿಂದ ಬಂತೆಂದು ಮಕ್ಕಳು ಕೇಳುತ್ತಾರೆ.

ಕೆನೆಯ ಆಯ್ಕೆಯಲ್ಲಿ ಅಂಗಡಿಯವರ ಮಾತಿಗಿಂತ ಪೊಟ್ಟಣದ ಹಿಂಬದಿಯನ್ನು ನಂಬುವುದು ಲೇಸು. ವಿದೇಶಿ ಪಾಕವಿಧಾನಗಳ ಹೆವಿ ಕ್ರೀಮ್‌ನಲ್ಲಿ ಕೊಬ್ಬು ಶೇ 36ರಷ್ಟಿರುತ್ತದೆ. ನಮ್ಮಲ್ಲಿ ಸುಲಭವಾಗಿ ಸಿಗುವ ಅಮುಲ್ ಫ್ರೆಶ್ ಕ್ರೀಮ್‌ನಲ್ಲಿ ಶೇ 25. ಉಳಿದ ಜಾಗದಲ್ಲಿ ಇರುವುದು ಹೆಚ್ಚಾಗಿ ನೀರೇ. 200 ಮಿಲಿಲೀಟರ್ ಕೆನೆ ಹಾಕುವ ಕಡೆ 25ರಿಂದ 30 ಗ್ರಾಂ ಬೆಣ್ಣೆ ಹೆಚ್ಚಿಗೆ ಹಾಕಿ, ಇನ್ನಷ್ಟು ಹೊತ್ತು ಕುದಿಸಿದರೆ ಲೆಕ್ಕ ಸರಿಹೋಗುತ್ತದೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಕೇಕಿನ ಅಲಂಕಾರಕ್ಕೆ ಕೊಡುವ ಕ್ರೀಮ್ ಬಹಳ ಸಲ ಹಾಲಿನದ್ದೇ ಆಗಿರುವುದಿಲ್ಲ. ಅದು ವನಸ್ಪತಿ ಕೊಬ್ಬು, ಸಕ್ಕರೆ ಮೊದಲೇ ಸೇರಿರುತ್ತದೆ. ಅದರಿಂದ ಕ್ಯಾರಮೆಲ್ ಆಗುವುದಿಲ್ಲ. ಏಕೆಂದರೆ ಮೆತ್ತನೆಯ ಕ್ಯಾರಮೆಲ್‌ನ ಕಂದು ಬಣ್ಣ, ಆ ಪರಿಮಳ ಬರಿಯ ಸಕ್ಕರೆಯಿಂದ ಬಂದದ್ದಲ್ಲ. ಸಕ್ಕರೆ ಸ್ವತಃ ಕಂದಾಗಲು 160 ಡಿಗ್ರಿಯಾದರೂ ಬೇಕು, ನಾವು 120ರೊಳಗೇ ನಿಲ್ಲಿಸುತ್ತೇವೆ. ಹಾಲಿನ ಪ್ರೋಟೀನಿಗೂ ಸಕ್ಕರೆಗೂ ನಡುವೆ ನಡೆಯುವ ಕ್ರಿಯೆಯಿಂದ ಬಣ್ಣ ಬರುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮೈಲಾರ್ ಅವರ ಹೆಸರೇ ಅದಕ್ಕೆ ನಿಂತಿದೆ. ಧಾರವಾಡ ಪೇಡದ ಬಣ್ಣದ ಹಿಂದೆಯೂ ಇರುವುದು ಇದೇ.

ಮನೆಯಲ್ಲಿ ಹಾಲು ಕಾಯಿಸಿ ತೆಗೆದಿಟ್ಟ ಕೆನೆಯನ್ನು ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಬಳಸಬಹುದು, ಆದರೆ ಅದರಲ್ಲಿ ಗಟ್ಟಿಯಾದ ಪ್ರೋಟೀನಿನ ಪದರವೂ ಸೇರಿರುತ್ತದೆ, ಎಷ್ಟು ಅರೆದರೂ ಕ್ಯಾರಮೆಲ್ ನುಣುಪಾಗುವುದಿಲ್ಲ. ಬೆಣ್ಣೆ ಉಪ್ಪಿಲ್ಲದ್ದಾದರೆ ಉಪ್ಪನ್ನು ನಾವೇ ಅಳೆದು ಹಾಕಿಕೊಳ್ಳಬಹುದು. ಕಡೆದ ಹಳ್ಳಿ ಬೆಣ್ಣೆ ರುಚಿಗೆ ಎತ್ತಿದ ಕೈ, ಮಜ್ಜಿಗೆ ಹೋಗುವವರೆಗೆ ತೊಳೆದಿರಬೇಕು. ತುಪ್ಪವನ್ನು ತಟ್ಟೆಗೆ ಸವರಲು ಇಟ್ಟುಕೊಳ್ಳಿ, ಪಾಕಕ್ಕೆ ಬೇಡ. ಒಂದು ಅಂದಾಜಿಗೆ ಆರು ಸೇಬಿಗೆ ನಾನು ಹಿಡಿಯುವ ಅಳತೆ: ಸಕ್ಕರೆ 200 ಗ್ರಾಂ, ಲಿಕ್ವಿಡ್ ಗ್ಲೂಕೋಸ್ ಅಥವಾ ಜೋನಿ ಬೆಲ್ಲ 100 ಗ್ರಾಂ, ಪೊಟ್ಟಣದ ಕೆನೆ 200 ಮಿಲಿಲೀಟರ್, ಬೆಣ್ಣೆ 60 ಗ್ರಾಂ, ಅರ್ಧ ಚಮಚ ಉಪ್ಪು. ಕುದಿಯುವಾಗ ಉಕ್ಕುವುದರಿಂದ ಪಾತ್ರೆ ಇದರ ನಾಲ್ಕು ಪಟ್ಟಾದರೂ ಹಿಡಿಯುವಂತಿರಲಿ. ಲೋಟದ ಅಳತೆಗೆ ಹೋಗಬೇಡಿ, ತೂಗಿ.

ಇನ್ನು ಸೇಬು. ನಮಗೆ ಬರುವುದು ಹಿಮಾಚಲ, ಕಾಶ್ಮೀರಗಳಿಂದ, ಲಾರಿಯಲ್ಲಿ ಇಡೀ ದೇಶ ದಾಟಿ. ಹಿಮಾಚಲದ್ದು ಜುಲೈಯಿಂದಲೇ ಶುರುವಾಗುತ್ತದೆ, ಕಾಶ್ಮೀರದ್ದು ಅಕ್ಟೋಬರ್, ನವೆಂಬರ್‌ವರೆಗೂ ಇರುತ್ತದೆ. ಆಮೇಲೆ ಸಿಗುವುದು ಶೈತ್ಯಾಗಾರದ ಹಣ್ಣು. ಅಂದರೆ ನಮ್ಮ ಹವೆ ಒಣಗುವ ಹೊತ್ತಿಗೂ ಹೊಸ ಹಣ್ಣು ಇರುವ ಹೊತ್ತಿಗೂ ದೀಪಾವಳಿಯ ಆಚೀಚೆ ಕೆಲವು ವಾರ ಮಾತ್ರ ಕೂಡಿಬರುತ್ತವೆ. ಆ ವಾರಗಳನ್ನು ಕಳೆದುಕೊಳ್ಳಬಾರದು. ಬಂಡಿಯ ಮೇಲೆ ಹೊಳೆಯುತ್ತ ಕುಳಿತ ದೊಡ್ಡ ಕೆಂಪು ಡೆಲಿಷಿಯಸ್ ಎಲ್ಲರ ಕಣ್ಣಿಗೆ ಬೀಳುತ್ತದೆ, ಈ ಕೆಲಸಕ್ಕೆ ಅದೇ ಕೊನೆಯ ಆಯ್ಕೆ. ಬರಿ ಸಿಹಿ, ಹಳೆಯದಾದರೆ ಒಳಗೆ ಹುರಿದ ರವೆಯ ಹಾಗೆ ಉದುರುತ್ತದೆ. ಸಿಹಿಯ ಮೇಲೆ ಸಿಹಿ ಹೊದಿಸಿ ಏನು ಪ್ರಯೋಜನ? ಹುಳಿ ಬೇಕು, ಕಚ್ಚಿದರೆ ಸದ್ದು ಬರಬೇಕು. ಹಸಿರು ಗ್ರ್ಯಾನಿ ಸ್ಮಿತ್ ಸಿಕ್ಕರೆ ಉತ್ತಮ, ಬೆಲೆ ಮಾತ್ರ ಹೆಚ್ಚು. ಸಿಗದಿದ್ದರೆ ಹಿಮಾಚಲದ ಕಿನ್ನೌರ್ ಕಡೆಯ ಗಟ್ಟಿ ಹಣ್ಣನ್ನೋ, ಚಿಕ್ಕ ಗಾಲಾವನ್ನೋ ಆರಿಸಿಕೊಳ್ಳಿ.

ಗಾಂಧಿ ಬಜಾರಿನಲ್ಲಿ ನಾನು ಹಣ್ಣು ಆರಿಸುವುದನ್ನು ಕಂಡರೆ ಅಂಗಡಿಯಾಕೆಗೆ ಮುನಿಸು. “ಎಲ್ಲ ಒಂದೇ ಅಕ್ಕಾ, ಎಷ್ಟು ಹೊತ್ತು ನೋಡುತ್ತೀರಿ?” ಒಂದೇ ಅಲ್ಲ. ಒಂದೇ ಗಾತ್ರದ ಎರಡನ್ನು ಎರಡು ಕೈಯಲ್ಲಿ ಹಿಡಿದರೆ ಒಂದು ಭಾರ, ಒಂದು ಹಗುರ. ಹಗುರವಾದದ್ದರಲ್ಲಿ ನೀರು ಆರಿದೆ. ತೊಟ್ಟು ಗಟ್ಟಿಯಾಗಿ ಕುಳಿತಿರಬೇಕು, ತೊಟ್ಟಿನ ಸುತ್ತ ಹೆಬ್ಬೆರಳು ಒತ್ತಿದರೆ ತಗ್ಗಬಾರದು. 150 ಗ್ರಾಂ ಸುಮಾರಿನ ಚಿಕ್ಕ ಹಣ್ಣೇ ಮೇಲು. ದೊಡ್ಡದಾದರೆ ಮಕ್ಕಳು ಹೊದಿಕೆಯನ್ನಷ್ಟೇ ಕಿತ್ತು ತಿಂದು ಹಣ್ಣನ್ನು ನಮ್ಮ ಕೈಗೆ ಕೊಡುತ್ತಾರೆ.

ಆ ಹೊಳಪು ಮೇಣದ್ದು. ಜೇನುಮೇಣ, ಕಾರ್ನೂಬಾ ಮೇಣ, ಅರಗು ಇವುಗಳನ್ನು ಹಣ್ಣಿಗೆ ಲೇಪಿಸಲು ನಮ್ಮ ಆಹಾರ ಸುರಕ್ಷತಾ ನಿಯಮಗಳು ಒಪ್ಪುತ್ತವೆ, ಹೆದರುವ ಕಾರಣವಿಲ್ಲ. ಆದರೆ ಮೇಣದ ಮೇಲೆ ಕ್ಯಾರಮೆಲ್ ಕಚ್ಚುವುದಿಲ್ಲ. ಕೈ ತಾಳುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯಾದ ನೀರಿಗೆ ಒಂದು ಚಮಚ ವಿನೆಗರ್ ಹಾಕಿ, ಹಣ್ಣನ್ನು ಹತ್ತು ಸೆಕೆಂಡು ಮುಳುಗಿಸಿ, ಒರಟು ಬಟ್ಟೆಯಲ್ಲಿ ತಿಕ್ಕಿದರೆ ಹೊಳಪು ಮಂಕಾಗುತ್ತದೆ, ಬೆರಳಿಗೆ ಸಿಪ್ಪೆಯ ಒರಟುತನ ತಾಕುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಚೆನ್ನಾಗಿ ಒಣಗಬೇಕು. ಫ್ರಿಜ್ಜಿನಿಂದ ನೇರವಾಗಿ ತೆಗೆದ ಹಣ್ಣಿನ ಮೇಲೆ ನಮ್ಮ ಗಾಳಿಯಲ್ಲಿ ಕಣ್ಣೆದುರೇ ಹನಿ ಕೂರುತ್ತದೆ. ಅದನ್ನು ಪಾಕದಲ್ಲಿ ಅದ್ದಿದರೆ ಕ್ಯಾರಮೆಲ್ ನಿಧಾನವಾಗಿ ಇಳಿದು ಬುಡದಲ್ಲಿ ಗುಪ್ಪೆಯಾಗುತ್ತದೆ. ಪಾಕವೂ ಒಲೆಯಿಂದ ಇಳಿಸಿದ ಕೂಡಲೇ ಬೇಡ, 90 ಡಿಗ್ರಿಯ ಆಸುಪಾಸಿಗೆ ಆರಲಿ.

ಕೋಲಿನ ಬಗ್ಗೆ ಯಾರೂ ಯೋಚಿಸುವುದಿಲ್ಲ, ನಾನು ಹೆಚ್ಚು ಯೋಚಿಸುವುದು ಅದರ ಬಗ್ಗೆಯೇ. ಐಸ್‌ಕ್ರೀಮ್ ಕಡ್ಡಿ ಅಗಲವಾಗಿರುವುದರಿಂದ ಹಣ್ಣು ತಿರುಗುವುದಿಲ್ಲ. ಬಿದಿರಿನ ತೆಳು ಕಡ್ಡಿಯಾದರೆ ಹಣ್ಣು ಗಿರಗಿರನೆ ಸುತ್ತುತ್ತದೆ, ದಪ್ಪದ್ದಾದರೆ ಸರಿ. ಕರಕುಶಲ ವಸ್ತುಗಳ ಅಂಗಡಿಯ ಬಣ್ಣದ ಕಡ್ಡಿ ತಿನ್ನುವ ಪದಾರ್ಥಕ್ಕೆ ಮಾಡಿದ್ದಲ್ಲ. ಇಷ್ಟು ಗಟ್ಟಿತನದ ಮಾತು. ಇನ್ನೊಂದು ಮಾತು ಆರೋಗ್ಯದ್ದು. 2014ರ ಕೊನೆಗೆ ಅಮೆರಿಕದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹಬ್ಬಿ 12 ರಾಜ್ಯಗಳಲ್ಲಿ 35 ಮಂದಿ ಕಾಯಿಲೆ ಬಿದ್ದರು, ಸಾವುಗಳೂ ಸಂಭವಿಸಿದವು. ಮೂಲ ಹುಡುಕುತ್ತ ಹೋದಾಗ ಸಿಕ್ಕಿದ್ದು ಪೊಟ್ಟಣ ಕಟ್ಟಿ ಮಾರಿದ ಕ್ಯಾರಮೆಲ್ ಸೇಬು. ತಜ್ಞರಿಗೆ ಅಚ್ಚರಿಯಾದದ್ದು ಸಹಜ. ಸೇಬಿನ ಹುಳಿಯಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ, ಕ್ಯಾರಮೆಲ್‌ನಲ್ಲಿ ಅದಕ್ಕೆ ಬೇಕಾದಷ್ಟು ನೀರಿಲ್ಲ. ಆದರೆ ಕೋಲು ಚುಚ್ಚಿದಾಗ ಹಣ್ಣಿನ ರಸ ಗಾಯದ ದಾರಿಯಲ್ಲಿ ಮೇಲಕ್ಕೆ ಬಂದು, ಸಿಪ್ಪೆಗೂ ಕ್ಯಾರಮೆಲ್‌ಗೂ ನಡುವಿನ ತೆಳುವಾದ ಜಾಗದಲ್ಲಿ ನಿಲ್ಲುತ್ತದೆ. ಎರಡರ ಕಾವಲೂ ಇಲ್ಲದ ಜಾಗ ಅದು. ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದಾಗ ಕೋಲು ಚುಚ್ಚಿ ಹೊರಗಿಟ್ಟ ಹಣ್ಣಿನ ಮೇಲೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯಿತು, ಕೋಲಿಲ್ಲದ್ದರಲ್ಲಿ, ಫ್ರಿಜ್ಜಿನಲ್ಲಿಟ್ಟದ್ದರಲ್ಲಿ ಬಹಳ ನಿಧಾನವಾಯಿತು.

ಹಾಗೆಂದು ಕೋಲು ಬಿಡಬೇಕಿಲ್ಲ. ಸಿಪ್ಪೆಯನ್ನು, ಅದರಲ್ಲೂ ತೊಟ್ಟಿನ ಗುಳಿಯನ್ನು ಚೆನ್ನಾಗಿ ತೊಳೆಯಬೇಕು, ಕೋಲನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು ಒಣಗಿಸಿಕೊಳ್ಳಬೇಕು, ಒಂದೇ ಏಟಿಗೆ ನೇರವಾಗಿ ಚುಚ್ಚಬೇಕು, ಮಾಡಿದ ದಿನವೇ ತಿಂದು ಮುಗಿಸಬೇಕು. ಉಳಿದರೆ ಫ್ರಿಜ್ಜು. ಗರ್ಭಿಣಿಯರಿರುವ ಮನೆಗೆ, ತೀರಾ ವಯಸ್ಸಾದವರಿಗೆ ನಾನು ಕೋಲಿನ ಸೇಬು ಕೊಡುವುದಿಲ್ಲ. ಹೋಳು ಮಾಡಿ, ಕ್ಯಾರಮೆಲ್ ಬೇರೆ ಬಟ್ಟಲಿನಲ್ಲಿ ಕೊಟ್ಟು, ಆಗಲೇ ತಿನ್ನಿ ಎನ್ನುತ್ತೇನೆ.

ಕೆಳಗೆ ಹಾಸುವ ಕಾಗದದಲ್ಲಿ ಒಂದು ಗೊಂದಲವಿದೆ. ನಮ್ಮ ಅಂಗಡಿಗಳಲ್ಲಿ ಬಟರ್ ಪೇಪರ್ ಎಂಬ ಒಂದೇ ಹೆಸರಿಗೆ ಮೂರು ತರದ ಕಾಗದ ಬರುತ್ತದೆ. ಮೇಣ ಹಚ್ಚಿದ್ದು ಬಿಸಿ ಕ್ಯಾರಮೆಲ್ ತಾಗಿದರೆ ಕರಗಿ ತಿನಿಸಿಗೇ ಅಂಟುತ್ತದೆ. ಬರಿ ನುಣುಪು ಕಾಗದ ಹೊದಿಕೆಯೊಡನೆ ಹರಿದು ಬರುತ್ತದೆ. ಬೇಕಾದದ್ದು ಸಿಲಿಕೋನ್ ಲೇಪದ ಬೇಕಿಂಗ್ ಕಾಗದ. ಅಂಗಡಿಯಲ್ಲೇ ಉಗುರಿನಿಂದ ಗೀರಿ ನೋಡಿ, ಮೇಣವಿದ್ದರೆ ಉಗುರಿನಲ್ಲಿ ಬಿಳಿ ಸಿಗುತ್ತದೆ. ಬಾಳೆ ಎಲೆ ಹಾಸಿದರಾಗದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದು. ಬಿಸಿಗೆ ಎಲೆ ಬಾಡಿ ಮಡಿಕೆ ಬೀಳುತ್ತದೆ, ಮಡಿಕೆಯಲ್ಲಿ ಕ್ಯಾರಮೆಲ್ ಸಿಕ್ಕಿಕೊಳ್ಳುತ್ತದೆ. ತುಪ್ಪ ಸವರಿದ ಸ್ಟೀಲ್ ತಟ್ಟೆ ಅದಕ್ಕಿಂತ ಮೇಲು.

ಬಣ್ಣಕ್ಕೆ ನಾನು ಕಾಸು ಖರ್ಚು ಮಾಡುವುದಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ಜಾತ್ರೆಗೆ ಹೋಗುವವರಿಗೆಲ್ಲ ನೆನಪಿರುತ್ತದೆ. ಪರೀಕ್ಷೆಗೆ ಒಯ್ದ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಸಿಕ್ಕಿತ್ತು. ಮನೆಯಲ್ಲಿ ಮಾಡುವಾಗ ಬೀಟ್‌ರೂಟ್, ಮುರುಗಲು ಹಾಕಬಹುದಲ್ಲ ಎಂದು ಅನ್ನಿಸುತ್ತದೆ. ಬೀಟ್‌ರೂಟಿನ ಕೆಂಪು 150 ಡಿಗ್ರಿಯ ಪಾಕದಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಮುರುಗಲಿನ ಬಣ್ಣವೂ ಮಂಕಾಗುತ್ತದೆ, ಅದರ ಹುಳಿ ಸಕ್ಕರೆಯನ್ನು ಒಡೆದು ಕ್ಯಾಂಡಿಯನ್ನು ಇನ್ನಷ್ಟು ಬೆವರಿಸುತ್ತದೆ. ಕ್ಯಾರಮೆಲ್‌ನ ಕಂದು ಬಣ್ಣವೇ ಸಾಲದೇ? ಪರಿಮಳಕ್ಕೆ ಏಲಕ್ಕಿಯಿದೆ, ಉರಿ ಆರಿಸಿದ ಮೇಲೆ ಹಾಕಿ. ಯಾರದ್ದಾದರೂ ಅಡಿಕೆ ತೋಟದಲ್ಲಿ ಹಳೆಯ ವೆನಿಲ್ಲಾ ಬಳ್ಳಿ ಉಳಿದಿದ್ದರೆ ಅವರ ಸ್ನೇಹ ಬೆಳೆಸಿ. ಈ ಶತಮಾನದ ಮೊದಲ ವರ್ಷಗಳಲ್ಲಿ ವೆನಿಲ್ಲಾಕ್ಕೆ ಚಿನ್ನದ ಬೆಲೆ ಬಂದು, ಮಲೆನಾಡಿನ ತೋಟಗಳಲ್ಲೆಲ್ಲ ಬೆಳಗಾಗೆದ್ದು ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಸಂಭ್ರಮವೋ ಸಂಭ್ರಮ. ಬೆಲೆ ನೆಲಕಚ್ಚಿದ ಮೇಲೆ ಬಳ್ಳಿಯ ಕಡೆ ತಿರುಗಿ ನೋಡಿದವರು ಕಡಿಮೆ. ಹದಗೊಳಿಸಿದ ಒಂದು ಕೋಡು ಕೈಗೆ ಬಂದರೆ ಬಾಟಲಿಯ ಎಸೆನ್ಸನ್ನು ಮರೆಯಬಹುದು.

ಹೊದಿಕೆಯ ಮೇಲೆ ಉದುರಿಸುವ ಶೇಂಗಾ, ಗೋಡಂಬಿ ಚೂರು, ಎಳ್ಳು ಯಾವುದೇ ಆದರೂ ಪೊಟ್ಟಣದಿಂದ ತೆಗೆದದ್ದನ್ನು ಹಾಗೆಯೇ ಹಾಕದೆ ಮತ್ತೊಮ್ಮೆ ಹುರಿದು ತೇವ ಕಳೆದು, ಆರಿಸಿ ಹಾಕಿ. ಮಂಡಕ್ಕಿ ಬೇಡ, ಗಳಿಗೆಯಲ್ಲಿ ಚರ್ಮವಾಗುತ್ತದೆ.

ಬಿಡಿ ಕ್ಯಾರಮೆಲ್, ಕ್ಯಾಂಡಿಗಳನ್ನು ಆರಿದ ಕೂಡಲೇ ಒಂದೊಂದಾಗಿ ಕಾಗದದಲ್ಲಿ ತಿರುಚಿ ಕಟ್ಟಿಬಿಡಬೇಕು. ಉಡುಗೊರೆ ಸುತ್ತುವ ಬಣ್ಣದ ಜಿಲೆಟಿನ್ ಕಾಗದದ ಬಣ್ಣ ಸಿಹಿಗೆ ಹತ್ತುತ್ತದೆ, ಬೇಕಿಂಗ್ ಕಾಗದವನ್ನೇ ಚೌಕ ಕತ್ತರಿಸಿಕೊಳ್ಳಿ. ಇಡುವುದಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ತಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿ. ಇಷ್ಟೆಲ್ಲ ಮಾಡಿಯೂ ಮೋಡ ಕವಿದ ದಿನ ಮುಚ್ಚಳ ತೆರೆದಿಟ್ಟವರು ಯಾರೋ ಇದ್ದೇ ಇರುತ್ತಾರೆ, ಕ್ಯಾರಮೆಲ್ ಅಂಟಂಟಾಗುತ್ತದೆ. ಅದನ್ನು ಎಸೆಯಬೇಡಿ. ಸ್ವಲ್ಪ ಹಾಲಿನೊಡನೆ ಸಣ್ಣ ಉರಿಯಲ್ಲಿ ಕರಗಿಸಿ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿದರಾಯಿತು. ಬೆಳಗಿನ ಫಿಲ್ಟರ್ ಕಾಫಿಗೆ ಒಂದು ಚಮಚ ಹಾಕಿದರೆ ಸಕ್ಕರೆ ಬೇರೆ ಬೇಡ, ನೀರು ದೋಸೆಗೂ ಆಗುತ್ತದೆ.